ಟವೆಲ್ಲೋ, ಬೋನೋ: ಬೆದರುವ ಬೆಕ್ಕಿನ ಮರಿ ಹಿಡಿಯಲು

ಕೊಡಗಿನ ತೋಟದ ಗೋದಾಮಿನಲ್ಲಿ, ಕಾಫಿ ಚೀಲಗಳ ಸಂದಿಯಲ್ಲಿ ಬೀದಿಬೆಕ್ಕು ಮರಿ ಹಾಕಿದ್ದರೆ ಮಳೆ ಹಿಡಿಯುವ ಮೊದಲು ಅವನ್ನು ಒಳಗೆ ತರುವುದು ಒಳ್ಳೆಯದು. ಮೈತುಂಬ ಕಪ್ಪು ಚುಕ್ಕೆಯಿದ್ದರೆ ಮಾತ್ರ ಮುಟ್ಟಬೇಡಿ. ಚಿರತೆ ಬೆಕ್ಕಿನ ಮರಿಯಿರಬಹುದು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಅರಣ್ಯ ಇಲಾಖೆಗೆ ತಿಳಿಸಿ.

ಐದಾರು ವಾರದ ಮರಿಗೆ ದಪ್ಪ ಟವೆಲ್ ಸಾಕು. ಖರ್ಚಿಲ್ಲ, ಕೆಲಸವೂ ಬೇಗ. ಕೈ ತಪ್ಪಿತೋ, ತಾಯಿ ಮರಿಗಳನ್ನು ಬೇರೆಡೆಗೆ ಸಾಗಿಸಿಬಿಡಬಹುದು. ಕಚ್ಚಿದರೆ ಗಾಯವನ್ನು ಸೋಪಿನಿಂದ 15 ನಿಮಿಷ ತೊಳೆದು, ತಡಮಾಡದೆ ರೇಬೀಸ್ ಲಸಿಕೆಗೆ ಹೋಗಬೇಕು.

ಎಂಟು ವಾರ ದಾಟಿದ್ದರೆ ನನ್ನ ಮತ ಬೋನಿಗೆ. ಒಣಮೀನಿಗೆ ಸೋಲದ ಬೆಕ್ಕನ್ನು ನಾನಂತೂ ಕಂಡಿಲ್ಲ. ಬಾಗಿಲು ಬಿದ್ದೊಡನೆ ಬಟ್ಟೆ ಮುಚ್ಚಿ; ಕತ್ತಲಲ್ಲಿ ಮರಿಯ ಗಾಬರಿ ತಗ್ಗುತ್ತದೆ. ಬೋನಿಟ್ಟು ಮಡಿಕೇರಿ ಸಂತೆಗೆ ಹೊರಟುಬಿಡುವವರಿಗೆ ಈ ದಾರಿ ಬೇಡ, ಹತ್ತಿರವೇ ಕಾಯಬೇಕು.

ಪಳಗಿಸುವಾಗಲೂ ವಯಸ್ಸೇ ಲೆಕ್ಕ. ಎಳೆಯ ಮರಿಯನ್ನು ಸಣ್ಣ ಕೋಣೆಯಲ್ಲಿಟ್ಟು ಕೈಯಿಂದಲೇ ಉಣಿಸಿದರೆ ಕೆಲವೇ ವಾರಗಳಲ್ಲಿ ಮಡಿಲೇರುತ್ತದೆ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ನಾಲ್ಕು ತಿಂಗಳು ದಾಟಿದ್ದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಗೋದಾಮಿಗೇ ಮರಳಿ ಬಿಡಿ, ಇಲಿ ಹಿಡಿದುಕೊಂಡಿರಲಿ.