ಕಾಸರಗೋಡಿನ ಉಪಸಂಪಾದಕರಿಗೆ ಮಂಗಳೂರೋ, ಬೆಂಗಳೂರೋ, ಮನೆಯೋ?

ಕುಂಬಳೆಯ ತಂಗಿಯೊಬ್ಬಳು ಕೇಳಿದ್ದಾಳೆ: ಪತ್ರಿಕೆಯ ಡೆಸ್ಕ್ ಕೆಲಸಕ್ಕೆ (ವರದಿ ತಿದ್ದಿ ಪುಟ ಕಟ್ಟುವುದಕ್ಕೆ) ಮಂಗಳೂರೋ ಬೆಂಗಳೂರೋ, ಇಲ್ಲಾ ಮನೆಯಲ್ಲೇ ಪುಸ್ತಕ ತಿದ್ದುವುದೋ?

ಸಂಬಳ ಬೆಂಗಳೂರಲ್ಲೇ ಜಾಸ್ತಿ. ಪತ್ರಿಕಾ ನೌಕರರ ಸಂಬಳ ಗೊತ್ತುಮಾಡಿದ 2011ರ ಮಜೀಠಿಯಾ ವೇತನ ಮಂಡಳಿಯೇ ಊರು ನೋಡಿ ಮನೆಬಾಡಿಗೆ ಭತ್ಯೆ ಇಟ್ಟಿತ್ತು: ಬೆಂಗಳೂರಿನಂಥ ನಗರಕ್ಕೆ ಶೇ 30, ಮಂಗಳೂರಿನಂಥದ್ದಕ್ಕೆ 20, ಸಣ್ಣ ಊರಿಗೆ 10. ಗುತ್ತಿಗೆಯವರಿಗೂ ಇದು ಅನ್ವಯ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕೆಲಸದ ಕರಾರಿಗೆ ಸಹಿ ಹಾಕುವ ಮೊದಲು ಪ್ರತಿ ಸಾಲು ಓದು.

ಮಂಗಳೂರಾದರೆ ರೈಲಿದೆ, ಬಾಡಿಗೆ ಉಳಿಯುತ್ತದೆ. ಆದರೆ ಕೊನೆಯ ಪುಟ ಪ್ರೆಸ್ಸಿಗೆ ಹೋಗುವುದು ನಡುರಾತ್ರಿ. ಆಗ ಕುಂಬಳೆಗೆ ಹೇಗೆ ಬರುತ್ತೀಯಾ? ಹಗಲು ಪಾಳಿ ಸಿಕ್ಕರೆ ಮಾತ್ರ ಓಡಾಟ ಸರಿ, ಇಲ್ಲದಿದ್ದರೆ ಅಲ್ಲೇ ರೂಮು ಬೇಕು.

ಮನೆಯಲ್ಲೇ ಪುಟಕ್ಕಿಷ್ಟು ಎಂದು ಪುಸ್ತಕ ತಿದ್ದುವ ಕೆಲಸಕ್ಕೆ ಊರಿನ ಹಂಗಿಲ್ಲ, ಪಿಎಫ್ ಕೂಡ ಇಲ್ಲ. ಮಲಯಾಳ ಚೆನ್ನಾಗಿ ಬರುತ್ತದಲ್ವಾ? ಅನುವಾದವೂ ಸೇರಿದರೆ ಮನೆಯಲ್ಲೇ ನಡೆದೀತು. ಡೆಸ್ಕ್ ಕಲಿಯುವ ಆಸೆಯಿದ್ದರೆ ಮೊದಲು ಬೆಂಗಳೂರು.