.32 ಪಿಸ್ತೂಲಿಗೆ ಖಡಕಿಯ ತೋಟಾ: ಗನ್ ಹೌಸಿನಲ್ಲಿ ಏನು ನೋಡಿ ತಗೋಬೇಕು

ಅಮರಗೋಳ ಎಪಿಎಂಸಿಯಿಂದ ಬ್ಯಾಡಗಿ ಮೆಣಸಿನಕಾಯಿ ಪೇಟೆಯವರೆಗೆ ನಗದು ಹಿಡಿದು ಓಡಾಡುವವರಿಗೆ ಸ್ವರಕ್ಷಣೆಗೆಂದು ಪಿಸ್ತೂಲಿನ ಲೈಸೆನ್ಸ್ ಸಿಕ್ಕರೆ ಅದು ಹೆಚ್ಚಾಗಿ .32 ಬೋರಿನದೇ (ಬೋರ್ ಅಂದರೆ ನಳಿಕೆಯ ಒಳ ಅಳತೆ). 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್. ಹಾಗಾಗಿ ಸೊಂಟದ ಪಿಸ್ತೂಲಿಗೆ ಹಾಲೋ ಪಾಯಿಂಟ್ ಗುಂಡೇ (ಮೂತಿಯಲ್ಲಿ ಕುಳಿ ಇದ್ದು, ತಾಕಿದಾಗ ಅರಳುವಂಥದ್ದು) ಬೇಕು ಎಂದು 9 ಎಂಎಂ ಬಗ್ಗೆ ಅಮೆರಿಕದವರು ವಿಡಿಯೋಗಳಲ್ಲಿ ಕೊಡುವ ಸಲಹೆಯನ್ನು ಹಾಗ್ಹಾಗೇ ಇಲ್ಲಿಗೆ ತಂದರೆ ಲೆಕ್ಕ ತಪ್ಪುತ್ತದೆ.

ನಮಗೆ ಸಿಗುವುದು ಮುಖ್ಯವಾಗಿ ಪುಣೆ ಹತ್ತಿರದ ಖಡಕಿ ಮದ್ದುಗುಂಡು ಕಾರ್ಖಾನೆಯ ಮಾಲು. 1869ರ ಕಾರ್ಖಾನೆ ಇದು. 2021ರ ಅಕ್ಟೋಬರಿನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿದೆ. ತೋಟಾದ ತಳದಲ್ಲಿ 'ಕೆಎಫ್' ಎಂಬ ಗುರುತು ಇರುತ್ತದೆ. ಸೀಸದ ಗುಂಡಿನ ಮೇಲೆ ತಾಮ್ರಮಿಶ್ರ ಲೋಹದ ಕವಚ, ಗುಂಡಗಿನ ಮೂತಿ. ಆಮದು ಮಾಲಿಗಿಂತ ಅಗ್ಗ. ಸೊಂಟದಲ್ಲಿಟ್ಟುಕೊಳ್ಳಲು ಇದೇ ಸಾಕೇ ಅಂದರೆ, ಸಾಕು. .32ಕ್ಕೆ ಇದೇ ಸರಿಯಾದದ್ದೂ ಹೌದು.

ಕಾರಣ ಹೀಗಿದೆ. ಈ ಗುಂಡಿನ ತೂಕ ಸುಮಾರು 71 ಗ್ರೇನ್, ಅಂದರೆ 4.6 ಗ್ರಾಂ. ವೇಗ ಸೆಕೆಂಡಿಗೆ 275 ಮೀಟರ್ ಹಿಡಿದರೂ ಶಕ್ತಿ 175 ಜೂಲ್ ಆಸುಪಾಸು. 9 ಎಂಎಂದು ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಾಲೋ ಪಾಯಿಂಟ್ ಗುಂಡು ಅರಳುವುದಕ್ಕೇ ಶಕ್ತಿ ಖರ್ಚು ಮಾಡುತ್ತದೆ. 9 ಎಂಎಂ ಆ ಖರ್ಚನ್ನು ತಾಳಿಕೊಳ್ಳುತ್ತದೆ, .32 ತಾಳಿಕೊಳ್ಳುವುದಿಲ್ಲ. ಮಾಂಸದಂಥ ಜೆಲ್ ಗಟ್ಟಿಗೆ ಹೊಡೆದು ನೋಡುವ ಪರೀಕ್ಷೆಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೇಳುವ ಆಳ 12ರಿಂದ 18 ಇಂಚು. .32ರ ಹಾಲೋ ಪಾಯಿಂಟ್ ಅರಳಿದಾಗ ಬಹಳ ಸಲ 12 ಇಂಚನ್ನೇ ಮುಟ್ಟುವುದಿಲ್ಲ. ಕವಚದ ಗುಂಡು ಮುಟ್ಟುತ್ತದೆ. ಆದರೆ ಆ ಆಳಕ್ಕೆ ಇನ್ನೊಂದು ಮುಖವಿದೆ: ತಗಡಿನ ಬಾಗಿಲು, ತೆಳು ಪ್ಲೈವುಡ್ ಗೋಡೆ ಇದನ್ನು ತಡೆಯುವುದಿಲ್ಲ. ದುರ್ಗದಬೈಲಿನಂಥ ಗದ್ದಲದಲ್ಲಿ ಗುರಿಯ ಹಿಂದೆ ಯಾರಿದ್ದಾರೆ ಅನ್ನುವುದೇ ಮೊದಲ ಪ್ರಶ್ನೆ.

ಇನ್ನೊಂದು ಕಾರಣ ತೋಟಾದ ಅಂಚಿನಲ್ಲಿದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಪಿಸ್ತೂಲಿನ .32 ತೋಟಾ ಅರೆ ಅಂಚಿನದು. ಮೈ 8.5 ಮಿ.ಮೀ., ತಳದ ಅಂಚು 9.1 ಮಿ.ಮೀ. ಹಾಲೋ ಪಾಯಿಂಟ್ ತೋಟಾ ಉದ್ದದಲ್ಲಿ ಗಿಡ್ಡ, ಹಾಗಾಗಿ ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಜಾರುತ್ತದೆ. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಬಿದ್ದಿತೋ, ಎರಡೂ ಕಚ್ಚಿಕೊಂಡವು. ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಎಷ್ಟು ಎಳೆದರೂ ಬಿಡುವುದಿಲ್ಲ, ಮ್ಯಾಗಜಿನ್ ಹೊರತೆಗೆದೇ ಬಿಡಿಸಬೇಕು. ಉದ್ದನೆಯ ಕವಚದ ಗುಂಡಿಗೆ ಜಾರಲು ಜಾಗ ಕಡಿಮೆ. ಆದರೂ ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರುವ ಹಾಗೆ ನೋಡಿ. ತುಂಬಿದ ಮೇಲೆ ಮ್ಯಾಗಜಿನ್ ಬೆನ್ನನ್ನು ಅಂಗೈಗೆ ಎರಡು ಸಲ ತಟ್ಟಿ, ಮೇಲಿನ ತೋಟಾವನ್ನು ಹೆಬ್ಬೆರಳಿನಿಂದ ಒತ್ತಿ: ಸರಾಗ ಇಳಿದು, ಬಿಟ್ಟಾಗ ಪುಟಿದು ಬರಬೇಕು.

ಅಂಗಡಿಯಲ್ಲಿ ".32 ಕೊಡ್ರಿ" ಎಂದಷ್ಟೇ ಕೇಳಬೇಡಿ. ರಿವಾಲ್ವರಿನದೂ .32ನೇ, ಆದರೆ ಅದರ ತೋಟಾದ ಹಿತ್ತಾಳೆ ಕೊಳವೆ 23 ಮಿ.ಮೀ. ಉದ್ದ, ಪಿಸ್ತೂಲಿನದು 17. ಒಂದಕ್ಕೊಂದು ಆಗಿಬರುವುದಿಲ್ಲ. "ಪಿಸ್ತೂಲಿಂದು" ಎಂದು ಬಾಯಿಬಿಟ್ಟು ಹೇಳಿ, ತಳದ ಅಕ್ಷರ ಓದಿ, ಒಂದೇ ಲಾಟಿನ ಪೆಟ್ಟಿಗೆ ಕೇಳಿ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆಗೆ ಹಸಿರು ಕಿಲುಬು, ಬಾಯಲ್ಲಿ ಸೀಳು, ತಳಕ್ಕಿಂತ ಉಬ್ಬಿದ ಪ್ರೈಮರ್ (ತಳದ ನಡುವೆ ಇರುವ, ಮದ್ದು ಹೊತ್ತಿಸುವ ಬಿಲ್ಲೆ), ಬೆರಳಿಗೆ ಅಲುಗುವ ಗುಂಡು ಕಂಡರೆ ವಾಪಸ್ ಕೊಡಿ. ಕೊಂಡ ಸಂಖ್ಯೆ ಲೈಸೆನ್ಸಿನಲ್ಲಿ ನಮೂದಾಗಿದೆಯೇ ಎಂದು ಅಲ್ಲೇ ನಿಂತು ಎಣಿಸಿ.

ವರ್ಷದ ಕೋಟಾದಲ್ಲಿ 50 ತೋಟಾ ಪರೀಕ್ಷೆಗೆ ಸುಡಲು ಕೈ ಹಿಂದೇಟು ಹಾಕುತ್ತದೆ. ಆದರೂ ಅನುಮತಿ ಇರುವ ರೇಂಜಿನಲ್ಲಿ ಸುಡಿ, ಇರುವ ಎಲ್ಲಾ ಮ್ಯಾಗಜಿನ್‌ಗಳಲ್ಲೂ. ಒಂದು ಸಲ ಸಿಕ್ಕಿಕೊಂಡರೂ ಯಾವ ಮ್ಯಾಗಜಿನ್, ಎಷ್ಟನೇ ತೋಟಾ ಎಂದು ಬರೆದಿಡಿ. ಅದೇ ಮ್ಯಾಗಜಿನ್ ಮತ್ತೆ ತಪ್ಪಿದರೆ ದೋಷ ತೋಟಾದ್ದಲ್ಲ, ಮ್ಯಾಗಜಿನ್ ಬಾಯಿಯ ತುಟಿಯದು ಅಥವಾ ಸ್ಪ್ರಿಂಗಿನದು. ಟಕ್ ಎಂದು ಹಾರದೇ ಉಳಿದರೆ ನಳಿಕೆ ಗುರಿಯತ್ತಲೇ ಇಟ್ಟು 30 ಸೆಕೆಂಡ್ ಕಾಯಿರಿ, ತಡವಾಗಿ ಹಾರುವುದುಂಟು. 'ಪುಸ್' ಎಂದು ಸದ್ದು ಸಣ್ಣದಾದರೆ ಮುಂದಿನದನ್ನು ಹಾರಿಸಲೇಬೇಡಿ. ಗುಂಡು ನಳಿಕೆಯಲ್ಲೇ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹೋದರೆ ನಳಿಕೆ ಸಿಡಿಯುತ್ತದೆ.

ಸೊಂಟದ ತೋಟಾಗೆ ದೊಡ್ಡ ವೈರಿ ದಿನಚರಿ. ರಾತ್ರಿ ತೆಗೆದು ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಚೇಂಬರಿಗೆ (ನಳಿಕೆಯ ಹಿಂದೆ ತೋಟಾ ಕೂರುವ ಜಾಗ) ಏರಿಸುತ್ತ ಹೋದರೆ ಮೂತಿಗೆ ಬೀಳುವ ಪೆಟ್ಟಿಗೆ ಗುಂಡು ಒಳಕ್ಕೆ ಕುಸಿಯುತ್ತದೆ. ಮದ್ದಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ವಾರಕ್ಕೊಮ್ಮೆ ಹೊಸ ತೋಟಾದ ಪಕ್ಕ ನಿಲ್ಲಿಸಿ ನೋಡಿ, ಅರ್ಧ ಮಿ.ಮೀ. ಗಿಡ್ಡ ಕಂಡರೂ ಬದಿಗಿಡಿ. ಧಾರವಾಡದ ಮಳೆಗಾಲದಲ್ಲಿ ಚರ್ಮದ ಬೆಲ್ಟಿನ ಕುಣಿಕೆಯಲ್ಲಿ ತೋಟಾ ಬಿಡಲೇಬಾರದು, ಹದ ಮಾಡಿದ ಚರ್ಮವೇ ಹಿತ್ತಾಳೆಗೆ ಕಿಲುಬು ತರಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಡಬ್ಬಿಗೆ ಬೀಗ. ಪಿಸ್ತೂಲಿಗೆ ಎಣ್ಣೆ ಹಾಕಿದ ದಿನ ಚೇಂಬರನ್ನು ಒಣಬಟ್ಟೆಯಿಂದ ಒರೆಸಿ. ಎಣ್ಣೆ ಪ್ರೈಮರಿಗೆ ಇಳಿದರೆ ತೋಟಾ ಸತ್ತಂತೆ. ಚುನಾವಣೆಗೆಂದು ಠಾಣೆಗೆ ಒಪ್ಪಿಸಿ ವಾಪಸ್ ತಂದಾಗಲೂ ನಳಿಕೆಗೆ ಬೆಳಕು ಹಾಯಿಸಿ ನೋಡಿ, ಒರೆಸಿ, ಆಮೇಲೆಯೇ ಮ್ಯಾಗಜಿನ್ ತುಂಬಿ.