ನೀರಿನ ಬಾಟಲಿಯೋ, ಕೊಕೊಪೀಟೋ, ಬೇರು ಸಮೇತ ಪಾಲೋ: ಗಿಡ ಮುಟ್ಟಲು ಹೆದರುವವರಿಗೆ ಒಂದು ಹೋಲಿಕೆ

ಮನಿಪ್ಲಾಂಟಿನ ಕುಡಿ ಕತ್ತರಿಸಿ ನೀರಿನ ಬಾಟಲಿಗೆ ಹಾಕಿ, ಬೇರು ತಾನಾಗಿಯೇ ಬರುತ್ತದೆ. ಹೊಸದಾಗಿ ಗಿಡ ಬೆಳೆಸುವವರಿಗೆ ಸಿಗುವ ಮೊದಲ ಸಲಹೆ ಇದು. ಸುಳ್ಳೇನೂ ಅಲ್ಲ. ಆದರೆ ಗಿಡ ಮುಟ್ಟುವುದಕ್ಕೇ ಹೆದರುವವರು ಕೇಳಿದರೆ ನಾನು ಇದನ್ನು ಎರಡನೇ ಆಯ್ಕೆಯಾಗಿ ಹೇಳುತ್ತೇನೆ. ಯಾಕಂದ್ರೆ ಹೆದರುವವರು ಗಿಡವನ್ನು ಮರೆಯುವವರಲ್ಲ. ದಿನಾ ನೀರು ಹಾಕುತ್ತಾರೆ, ಬೇರು ಬಂತಾ ಅಂತ ಕಿತ್ತು ನೋಡುತ್ತಾರೆ, ಬಿಸಿಲು ಸಾಲದು ಅಂತ ಒಮ್ಮೆ ಆಚೆ, ಬಿಸಿಲು ಜಾಸ್ತಿಯಾಯ್ತು ಅಂತ ಒಮ್ಮೆ ಒಳಗೆ ಇಡುತ್ತಾರೆ. ಹಾಗಾಗಿ ಯಾವುದರಲ್ಲಿ ಬೇಗ ಬೇರು ಬರುತ್ತದೆ ಅಂತ ಕೇಳುವ ಬದಲು, ಯಾವುದರಲ್ಲಿ ನಾವು ಸುಮ್ನೆ ಕೈಯಾಡಿಸಲು ಅವಕಾಶ ಕಡಿಮೆ ಅಂತ ಕೇಳಬೇಕು. ಆಗ ಉತ್ತರವೇ ಬೇರೆ.

ನಾನು ಇದನ್ನೆಲ್ಲ ಮಾಡಿ ನೋಡಿದ್ದು ಬೆಂಗಳೂರಿನ ಒಂದು ಬಾಡಿಗೆ ಮನೆಯ ಬಾಲ್ಕನಿಯಲ್ಲಿ. ಪೂರ್ವಕ್ಕೆ ಮುಖ, ಬೆಳಗಿನ ಬಿಸಿಲು ಮಾತ್ರ ಬೀಳುತ್ತದೆ. ಮಂಗಳೂರಿನವರಿಗೆ ಇಷ್ಟು ತಲೆನೋವು ಇರಲಿಕ್ಕಿಲ್ಲ. ಆ ತೇವದ ಗಾಳಿಗೆ ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೂ ಚಿಗುರುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ, ಮೊದಲ ಮಳೆ ಬೀಳಲಿ.

ಮನಿಪ್ಲಾಂಟ್: ನೀರು ಮತ್ತು ಕೊಕೊಪೀಟ್

ಎರಡಕ್ಕೂ ಸಾಮಾನ್ಯವಾದ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ. ಬೇರು ಬರುವುದು ಗಣ್ಣಿನಿಂದ. ಬಳ್ಳಿಯಲ್ಲಿ ಎಲೆಯ ತೊಟ್ಟು ಸೇರುವ ಕಡೆ ಉಬ್ಬಿದ ಜಾಗ ಇರುತ್ತದಲ್ವಾ, ಎಷ್ಟೋ ಸಲ ಅಲ್ಲೇ ಒಂದು ಕಂದು ಬಣ್ಣದ ಮೊಂಡು ಬೇರು ಇಣುಕುತ್ತಿರುತ್ತದೆ, ಅದೇ ಗಣ್ಣು. ಅದರಿಂದ ಅರ್ಧ ಇಂಚು ಕೆಳಗೆ ಕತ್ತರಿಸಬೇಕು. ಗಣ್ಣಿಲ್ಲದ ಬರೀ ಎಲೆಯನ್ನು ನೀರಲ್ಲಿಟ್ಟರೆ ತಿಂಗಳುಗಟ್ಟಲೆ ಹಸಿರಾಗಿಯೇ ಇರಬಹುದು, ಅದರಿಂದ ಹೊಸ ಬಳ್ಳಿ ಮಾತ್ರ ಬರುವುದಿಲ್ಲ. "ಬ್ರಹ್ಮಕಮಲದ ಎಲೆ ನೆಟ್ಟರೆ ಗಿಡ ಆಗುತ್ತದಲ್ಲ, ಇದು ಯಾಕಾಗಲ್ಲ" ಅಂತ ಕೇಳುವವರಿದ್ದಾರೆ. ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಆ ಬ್ರಹ್ಮಕಮಲ ಒಂದು ಜಾತಿಯ ಕಳ್ಳಿ, ಮೆಕ್ಸಿಕೋ ಕಡೆಯದು. ನಾವು ಎಲೆ ಅಂದುಕೊಳ್ಳುವುದು ಅದರ ಚಪ್ಪಟೆ ಕಾಂಡ. ಅಂಚಿನ ಕಚ್ಚುಗಳಲ್ಲಿ ಮೊಗ್ಗಿನ ಜಾಗ ಇರುವುದರಿಂದ ಅದು ಚಿಗುರುತ್ತದೆ.

ನೀರಿನ ಪರವಾಗಿ ಹೇಳುವುದಾದರೆ, ಬೇರು ಕಣ್ಣಿಗೆ ಕಾಣುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ ಒಂದೆರಡು ವಾರದಲ್ಲೇ ಬಿಳಿ ಬೇರು ಇಣುಕಿದಾಗ ಆಗುವ ಖುಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಖರ್ಚೂ ಇಲ್ಲ. ಕಾಫಿ ಪುಡಿಯ ಹಳೇ ಬಾಟಲಿ ಸಾಕು. ಒಂದೇ ಮಾತು, ಗಣ್ಣು ಮುಳುಗಿರಬೇಕು, ಎಲೆ ಮುಳುಗಬಾರದು. ಎಲೆ ಮುಳುಗಿದರೆ ಕೊಳೆತು ನೀರು ನಾರುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ನೀರಿನಲ್ಲಿ ಹುಟ್ಟಿದ ಬೇರು ನೀರಿಗೇ ಹೊಂದಿಕೊಂಡಿರುತ್ತದೆ, ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಅದನ್ನು ಮಣ್ಣಿಗೆ ಇಳಿಸಿದ ಮೇಲೆ ಒಂದು ವಾರ, ಹತ್ತು ದಿನ ಎಲೆ ಜೋತು ಬೀಳುತ್ತದೆ. ಅನುಭವ ಇರುವವರು ಕಾಯುತ್ತಾರೆ. ಹೆದರುವವರು ಇನ್ನಷ್ಟು ನೀರು ಸುರಿಯುತ್ತಾರೆ, ಕಿತ್ತು ಮತ್ತೆ ಬಾಟಲಿಗೆ ಹಾಕುತ್ತಾರೆ, ಇಲ್ಲವೇ ಗೊಬ್ಬರ ಹಾಕುತ್ತಾರೆ. ಅಂದರೆ ನೀರಿನ ವಿಧಾನದಲ್ಲಿ ಭಯಪಡುವ ಗಳಿಗೆ ತಪ್ಪಿದ್ದಲ್ಲ, ಸ್ವಲ್ಪ ಮುಂದಕ್ಕೆ ಹೋಗಿದೆ ಅಷ್ಟೇ. ಬೇರು ಎರಡು ಮೂರು ಇಂಚು ಆದಾಗಲೇ ಇಳಿಸಿದರೆ ಈ ಬಾಡುವಿಕೆ ಕಡಿಮೆ. "ಇನ್ನೂ ಚೆನ್ನಾಗಿ ಬರಲಿ" ಅಂತ ಬೇರು ಜಡೆಯಷ್ಟು ಉದ್ದ ಆಗುವ ತನಕ ಬಿಟ್ಟವರಿಗೇ ಜಾಸ್ತಿ ಕಷ್ಟ.

ಇನ್ನೊಂದು ವಿಷಯ ಸೊಳ್ಳೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿ ನೀರಿನಲ್ಲೇ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿ, ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ ದಂಡ ಅನ್ನುವ ನಿಯಮವನ್ನೂ ತಂದಿತು. ಬಾಟಲಿ ಇಟ್ಟುಕೊಂಡರೆ ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೆ ಉಜ್ಜಿ ತೊಳೆಯಲೇಬೇಕು. ಮೊಟ್ಟೆ ಗಾಜಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಬರೀ ನೀರು ಬದಲಿಸಿದರೆ ಸಾಲದು.

ಈಗ ಕೊಕೊಪೀಟ್. ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ತಿಪಟೂರು, ಅರಸೀಕೆರೆ ಕಡೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ನಗರದಲ್ಲಿ ಇಟ್ಟಿಗೆ ರೂಪದಲ್ಲಿ ಸಿಗುತ್ತದೆ. 650 ಗ್ರಾಂ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬಿ ಸುಮಾರು 8 ಲೀಟರ್ ಆಗುತ್ತದೆ, ಆದ್ದರಿಂದ ದೊಡ್ಡ ಬಕೆಟ್ ತೆಗೆದುಕೊಳ್ಳಿ. ಒಂದೆರಡು ಸಲ ತೊಳೆದು ಹಿಂಡುವುದು ಮುಖ್ಯ. ತೆಂಗಿನ ಪುಡಿಯಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ, ಅದು ಎಳೆ ಬೇರಿಗೆ ಒಳ್ಳೆಯದಲ್ಲ. ಕತ್ತರಿಸಿದ ಕುಡಿ ನೆಡಲು ನಾನು ಕೊಕೊಪೀಟಿಗೆ ಒಂದು ಹಿಡಿ ಪರ್ಲೈಟ್, ಅಂದರೆ ಬಿಳಿ ಹಗುರ ಕಲ್ಲಿನ ಹರಳು, ಸೇರಿಸುತ್ತೇನೆ. ಪರ್ಲೈಟ್ ಸಿಗದಿದ್ದರೆ ಭತ್ತದ ಹೊಟ್ಟಿನ ಇದ್ದಿಲೂ ನಡೆಯುತ್ತದೆ.

ಎರಡು ಗಣ್ಣು ಒಳಗೆ ಹೋಗುವಂತೆ ಚುಚ್ಚಿ, ಒಮ್ಮೆ ನೀರು ಕೊಟ್ಟು, ನೆರಳಲ್ಲಿಟ್ಟು, ಮೂರು ನಾಲ್ಕು ವಾರ ಬಿಡಬೇಕು. ಬೇರು ಕಾಣುವುದಿಲ್ಲ, ಅದೇ ಇದರ ದೊಡ್ಡ ಗುಣ! ಹೊಸ ಎಲೆ ಸುರುಳಿ ಬಿಚ್ಚಿತೆಂದರೆ ಕೆಳಗೆ ಬೇರು ಇದೆ ಅಂತ ಅರ್ಥ. ಮೆಲ್ಲಗೆ ಎಳೆದಾಗ ಹಿಡಿದುಕೊಂಡರೂ ಅಷ್ಟೇ. ಇಲ್ಲಿ ಹುಟ್ಟಿದ ಬೇರು ಮಣ್ಣಿಗೆ ಹೋದಾಗ ಅಷ್ಟಾಗಿ ಮುನಿಸಿಕೊಳ್ಳುವುದಿಲ್ಲ. ಮೋಸ ಇರುವುದು ಒಂದೇ ಕಡೆ: ಕೊಕೊಪೀಟ್ ಮೇಲೆ ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗಿದಾಗಲೂ ಒಳಗೆ ಒದ್ದೆಯಾಗಿರುತ್ತದೆ. ಬಣ್ಣ ನೋಡಿ ನೀರು ಹಾಕಿದರೆ ಗಣ್ಣು ಕೊಳೆಯುತ್ತದೆ. ಬೆರಳನ್ನು ಒಂದು ಇಂಚು ಒಳಗೆ ಇಳಿಸಿ ನೋಡಿ, ಅಲ್ಲಿ ತೇವ ಇದ್ದರೆ ಚೊಂಬು ಕೆಳಗಿಡಿ.

ಹಾಗಾಗಿ ಮನಿಪ್ಲಾಂಟಿಗೆ ನನ್ನ ಮತ ಕೊಕೊಪೀಟಿಗೆ. ಇನ್ನೂ ಸೋಮಾರಿ ದಾರಿ ಒಂದಿದೆ. ತಾಯಿ ಗಿಡದಿಂದ ಕತ್ತರಿಸದೆಯೇ, ಬಳ್ಳಿಯ ಒಂದು ಗಣ್ಣನ್ನು ಪಕ್ಕದ ಕುಂಡದ ಮಣ್ಣಿನ ಮೇಲೆ ಮಲಗಿಸಿ ಸಣ್ಣ ಕಲ್ಲಿಟ್ಟುಬಿಡಿ. ಬೇರು ಬಿಟ್ಟ ಮೇಲೆ ಕತ್ತರಿಸಿ. ಬಳ್ಳಿಗೆ ಊಟ ತಾಯಿಯಿಂದಲೇ ಬರುತ್ತಿರುವುದರಿಂದ ಬಾಡುವ ಪ್ರಶ್ನೆಯೇ ಇಲ್ಲ. ಉದ್ದ ಬಳ್ಳಿ ಇರುವವರು ಇದನ್ನೇ ಮೊದಲು ಮಾಡಬೇಕು.

ಸ್ನೇಕ್ ಪ್ಲಾಂಟ್: ಎಲೆ ತುಂಡೋ, ಪಾಲೋ

ಕತ್ತಿಯ ಹಾಗೆ ನೇರ ನಿಲ್ಲುವ ದಪ್ಪ ಎಲೆಗಳ ಗಿಡ ಇದು. ನರ್ಸರಿಯಲ್ಲಿ ಸ್ಯಾನ್ಸವೇರಿಯಾ ಅಂತಲೂ ಡ್ರಸೀನಾ ಅಂತಲೂ ಬೋರ್ಡ್ ಹಾಕಿರುತ್ತಾರೆ. ಎರಡೂ ಒಂದೇ ಗಿಡ, ಮೊದಲಿನದು ಹಳೇ ಹೆಸರು.

ಎಲೆಯನ್ನು ಮೂರು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ, ಎರಡು ಮೂರು ದಿನ ಒಣಗಲು ಬಿಟ್ಟು, ಕೊಕೊಪೀಟಿನಲ್ಲೋ ನೀರಿನಲ್ಲೋ ನಿಲ್ಲಿಸಿದರೆ ಗಿಡವಾಗುತ್ತದೆ ಅನ್ನುವುದು ನಿಜ. ಎಲೆಯಲ್ಲಿ ಕೆಳಗಿದ್ದ ತುದಿ ಕೆಳಗೇ ಇರಬೇಕು, ತಲೆಕೆಳಗಾದರೆ ಬೇರು ಬರುವುದಿಲ್ಲ. ಗುರುತಿಗೆ ಕೆಳತುದಿಯನ್ನು ಮಾತ್ರ ಓರೆಯಾಗಿ ಕತ್ತರಿಸಿಕೊಳ್ಳಿ. ಆದರೆ ಎಷ್ಟು ನಿಧಾನ ಅಂದರೆ, ಬೇರು ಬರಲು ಒಂದೆರಡು ತಿಂಗಳು, ಬೇರಿನ ಪಕ್ಕದಲ್ಲಿ ಹೊಸ ಮರಿ ತಲೆ ಎತ್ತಲು ಇನ್ನೂ ಹಲವು ತಿಂಗಳು, ಅಷ್ಟರಲ್ಲಿ ನಡುವೆ ಒಂದು ಡಿಸೆಂಬರ್ ಬಂದುಬಿಟ್ಟರೆ ಎಲ್ಲವೂ ನಿಂತ ಹಾಗೆ. ಅಷ್ಟು ದಿನ ಕಿತ್ತು ನೋಡದೆ ಇರುವ ಹೊಸಬರು ಯಾರಿದ್ದಾರೆ?

ಹಳದಿ ಅಂಚಿನ ಜಾತಿ ನಿಮ್ಮಲ್ಲಿದ್ದರೆ ಎಲೆಯ ದಾರಿ ಹಿಡಿಯಲೇಬೇಡಿ. ಆ ಹಳದಿ ಬಣ್ಣ ಎಲೆ ತುಂಡಿನಿಂದ ಹುಟ್ಟುವ ಮರಿಗೆ ಬರುವುದಿಲ್ಲ, ಮರಿ ಪೂರ್ತಿ ಹಸಿರು. ಎಲೆಯ ಬೇರೆ ಬೇರೆ ಪದರಗಳಲ್ಲಿ ಬೇರೆ ಬೇರೆ ಗುಣದ ಜೀವಕೋಶಗಳಿದ್ದು, ಅವೆಲ್ಲ ಜೊತೆಗಿದ್ದಾಗ ಮಾತ್ರ ಆ ಅಂಚು ಮೂಡುತ್ತದೆ. ತುಂಡಿನಿಂದ ಹೊಸ ಮೊಗ್ಗು ಹುಟ್ಟುವಾಗ ಆ ಜೋಡಣೆ ಉಳಿಯುವುದಿಲ್ಲ. ಹಳದಿ ಅಂಚಿಗೆಂದೇ ಜಾಸ್ತಿ ದುಡ್ಡು ಕೊಟ್ಟು ತಂದು, ವರ್ಷ ಕಾದು, ಕೊನೆಗೆ ಸಾದಾ ಹಸಿರು ಗಿಡ ಸಿಕ್ಕರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಪಾಲು ಮಾಡುವುದು, ಅಂದರೆ ಗಿಡವನ್ನು ಬೇರು ಸಮೇತ ಭಾಗ ಮಾಡುವುದು, ನೋಡಲು ಭಯಂಕರ, ಮಾಡಲು ಸುಲಭ. ಗಿಡವನ್ನು ಕುಂಡದಿಂದ ಹೊರತೆಗೆದು ಮಣ್ಣು ಉದುರಿಸಿದರೆ ಅರಿಶಿನ ಕೊಂಬಿನ ಹಾಗಿರುವ ಗೆಡ್ಡೆ ಕಾಣುತ್ತದೆ. ಒಂದು ಎಲೆ ಗೊಂಚಲು, ಅದರ ಕೆಳಗೆ ಒಂದಿಷ್ಟು ಗೆಡ್ಡೆ, ಒಂದಿಷ್ಟು ಬೇರು ಬರುವಂತೆ ಚೂಪಾದ ಚಾಕುವಿನಿಂದ ಕೊಯ್ಯಬೇಕು. ಕೊಯ್ದ ಗಾಯ ಎರಡು ದಿನ ನೆರಳಲ್ಲಿ ಒಣಗಲಿ. ಆಮೇಲೆ ನೆಡಿ. ಆವತ್ತೇ ಪೂರ್ತಿ ಗಿಡ, ಹಳದಿ ಅಂಚೂ ಹಾಗೇ ಇರುತ್ತದೆ. ಇಲ್ಲಿ ಎಲೆ ತುಂಡಿಗಿಂತ ಪಾಲೇ ಉತ್ತಮ ಅಂತ ನಾನು ಎರಡು ಮಾತಿಲ್ಲದೆ ಹೇಳುತ್ತೇನೆ. ಪೀಸ್ ಲಿಲಿಗೂ ಲೋಳೆಸರಕ್ಕೂ ಇದೇ ದಾರಿ. ಝೆಡ್ ಝೆಡ್ ಗಿಡದ ಒಂಟಿ ಎಲೆಯಿಂದಲೂ ಸಣ್ಣ ಗೆಡ್ಡೆ ಬರುತ್ತದೆ, ತಾಳ್ಮೆ ಇದ್ದರೆ ತಮಾಷೆಗೆ ಮಾಡಿ ನೋಡಿ.

ಕುಂಡ ಬದಲಿಸುವಾಗ

ನರ್ಸರಿಯಿಂದ ತಂದ ಗಿಡ ಸಾಮಾನ್ಯವಾಗಿ ಕಪ್ಪು ಕವರಿನಲ್ಲಿ, ಅಂಟಂಟಾದ ಕೆಮ್ಮಣ್ಣಿನ ಮುದ್ದೆಯಲ್ಲಿ ಇರುತ್ತದೆ. ಇಲ್ಲಿ ಎರಡು ಪಂಗಡ. ಒಂದು ಪಂಗಡ ಮುದ್ದೆಯನ್ನು ಹಾಗೇ ಇಳಿಸಿ ಅನ್ನುತ್ತದೆ, ಇನ್ನೊಂದು ನಲ್ಲಿ ಕೆಳಗೆ ಹಿಡಿದು ಬೇರು ಪೂರ್ತಿ ತೊಳೆಯಿರಿ ಅನ್ನುತ್ತದೆ. ಹಾಗೇ ಇಳಿಸಿದರೆ ಗಿಡಕ್ಕೆ ನೋವಿಲ್ಲ, ಆದರೆ ಹೊಸ ಮಿಶ್ರಣ ಹಗುರ, ಒಳಗಿನ ಮುದ್ದೆ ಗಟ್ಟಿ. ಮುದ್ದೆ ಒಮ್ಮೆ ಒಣಗಿ ಬಿರುಸಾದರೆ ಹಾಕಿದ ನೀರೆಲ್ಲ ಸುತ್ತಲಿಂದ ಇಳಿದು ಹೋಗುತ್ತದೆ, ಒಳಗೆ ಬೇರಿಗೆ ದಕ್ಕುವುದೇ ಇಲ್ಲ. ತೊಳೆದರೆ ಈ ತೊಂದರೆ ಇಲ್ಲ, ಆದರೆ ಸಣ್ಣ ಬೇರುಗಳೆಲ್ಲ ಹರಿದು ಗಿಡ ವಾರಗಟ್ಟಲೆ ಮಂಕಾಗಿರುತ್ತದೆ. ನಾನು ಎರಡನ್ನೂ ಬಿಟ್ಟಿದ್ದೇನೆ. ಹಿಂದಿನ ದಿನ ನೀರು ಹಾಕಿ ಮುದ್ದೆ ಮೆತ್ತಗಾಗಲು ಬಿಟ್ಟು, ಕೆಳಗಿನ ಮೂರನೇ ಒಂದು ಭಾಗವನ್ನೂ ಅಂಚನ್ನೂ ಬೆರಳಿನಿಂದ ಸಡಿಲಿಸಿ, ನಡುವಿನದನ್ನು ಹಾಗೇ ಬಿಡುತ್ತೇನೆ. ಬೇರು ಕೊಳೆತ ವಾಸನೆ ಬಂದರೆ ಮಾತ್ರ ತೊಳೆಯುವುದು.

ಮಿಶ್ರಣಕ್ಕೆ ಎರಡು ಪಾಲು ಕೊಕೊಪೀಟ್, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ. ಸ್ನೇಕ್ ಪ್ಲಾಂಟಿಗೆ ಇದರ ಜೊತೆ ಒಂದು ಪಾಲು ದಪ್ಪ ಮರಳು.

ಮಣ್ಣಿನ ಕುಂಡವೋ ಪ್ಲಾಸ್ಟಿಕ್ಕೋ? ನೀವು ನೀರು ಜಾಸ್ತಿ ಹಾಕುವವರಾ, ಮರೆಯುವವರಾ ಅಂತ ಮೊದಲು ಕೇಳಿಕೊಳ್ಳಿ. ಮಣ್ಣಿನ ಕುಂಡದ ಮೈಯಿಂದಲೇ ನೀರು ಆರುತ್ತದೆ, ಹಾಗಾಗಿ ಜಾಸ್ತಿ ಹಾಕುವವರ ಕೈಯಲ್ಲಿ ಗಿಡ ಬದುಕುವುದು ಅದರಲ್ಲೇ. ಹೆದರುವವರು ಬಹುಪಾಲು ಈ ಗುಂಪಿನವರು. ಬೆಂಗಳೂರಿನವರಾದರೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋಗಿ, ಕೈಯಿಂದ ತಟ್ಟಿ ನೋಡಿ ಆರಿಸಿ. ಖಣ್ ಅಂತ ಸದ್ದು ಬಂದರೆ ಬಿರುಕಿಲ್ಲ. ತಂದ ಮೇಲೆ ಕೆಲವು ಗಂಟೆ ನೀರಲ್ಲಿ ಮುಳುಗಿಸಿಡಿ, ಇಲ್ಲವಾದರೆ ಒಣ ಕುಂಡವೇ ಮೊದಲ ನೀರನ್ನೆಲ್ಲ ಕುಡಿದುಬಿಡುತ್ತದೆ. ಬೋರ್‌ವೆಲ್ ನೀರಾದರೆ ಕೆಲವು ತಿಂಗಳಲ್ಲಿ ಹೊರಗೆ ಬಿಳಿ ಪುಡಿ ಕಟ್ಟುತ್ತದೆ. ಅದು ನೀರಿನ ಉಪ್ಪು, ಗಾಬರಿ ಬೇಡ. ಪ್ಲಾಸ್ಟಿಕ್ ಹಗುರ, ಅಗ್ಗ, ಮನೆ ಬದಲಿಸುವಾಗ ಒಡೆಯುವುದಿಲ್ಲ, ಊರಿಗೆ ಹೋದಾಗ ನಾಲ್ಕು ದಿನ ಹೆಚ್ಚು ತೇವ ಹಿಡಿಯುತ್ತದೆ. ನಾಲ್ಕನೇ ಮಹಡಿಯ ಬಾಲ್ಕನಿ ಕಟ್ಟೆಯ ಮೇಲೆ ಮಾತ್ರ ಯಾವುದನ್ನೂ ಇಡಬೇಡಿ.

ಅಳತೆಯಲ್ಲಿ ಆಸೆ ಬೇಡ. 6 ಇಂಚಿನದರಿಂದ 8 ಇಂಚಿಗೆ, ಅಷ್ಟೇ. "ಮತ್ತೆ ಮತ್ತೆ ಯಾರು ಬದಲಿಸುತ್ತಾರೆ" ಅಂತ 12 ಇಂಚಿನದಕ್ಕೆ ಹಾಕಿದರೆ, ಬೇರುಗಳೇ ಇಲ್ಲದ ಕಡೆ ನೀರು ನಿಂತು ಹುಳಿ ವಾಸನೆ ಹೊಡೆಯುತ್ತದೆ. ಕೆಳಗೆ ಜಲ್ಲಿಕಲ್ಲಿನ ಪದರ ಹಾಕುವ ಹಳೇ ಪದ್ಧತಿಯನ್ನು ನಾನು ಕೈಬಿಟ್ಟಿದ್ದೇನೆ. ಸಣ್ಣ ಕಣದ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕಲ್ಲಿನ ಪದರಕ್ಕೆ ಇಳಿಯುವುದೇ ಇಲ್ಲ, ಒದ್ದೆ ಜಾಗ ಇನ್ನಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೆ ಒಂದು ಒಡೆದ ಹೆಂಚಿನ ಚೂರು ಸಾಕು.

ಬೇರು ಬರಿಸುವ ಹಾರ್ಮೋನ್ ಪುಡಿ, ಜೇನುತುಪ್ಪ, ಚಕ್ಕೆ ಪುಡಿ ಅಂತ ಹಲವರು ಕೇಳುತ್ತಾರೆ. ಹಾರ್ಮೋನ್ ಪುಡಿಯಿಂದ ದಾಸವಾಳ, ಕಾಗದದ ಹೂವಿನಂಥ ಗಟ್ಟಿ ಕಡ್ಡಿಗಳಿಗೆ ಉಪಯೋಗ ಇದೆ. ಮನಿಪ್ಲಾಂಟಿಗೆ, ದೊಡ್ಡಪತ್ರೆಗೆ ದುಡ್ಡು ದಂಡ. ಜೇನುತುಪ್ಪದಿಂದ ನನಗೆ ಕಂಡ ಒಂದೇ ಬದಲಾವಣೆ ಇರುವೆ.

ಮನಿಪ್ಲಾಂಟ್, ಪೀಸ್ ಲಿಲಿ, ಡಿಫೆನ್‌ಬಾಕಿಯಾ ಕತ್ತರಿಸುವಾಗ ಬರುವ ರಸ ಕೆಲವರಿಗೆ ಕೆಸುವಿನ ಹಾಗೇ ತುರಿಕೆ ತರುತ್ತದೆ. ಮೂರೂ ಕೆಸುವಿನ ಬಳಗದವೇ. ಕೈಗವಸು ಹಾಕಿಕೊಳ್ಳಿ, ಕಣ್ಣು ಮುಟ್ಟಿಕೊಳ್ಳಬೇಡಿ, ತುಂಡುಗಳನ್ನು ಮಕ್ಕಳು, ಬೆಕ್ಕು, ನಾಯಿಗೆ ಸಿಗುವಂತೆ ಬಿಡಬೇಡಿ.

ಕುಂಡ ಬದಲಿಸಿದ ದಿನ ಮನಿಪ್ಲಾಂಟ್, ಪೀಸ್ ಲಿಲಿಗಳಿಗೆ ತೂತಿನಿಂದ ನೀರು ಇಳಿಯುವಷ್ಟು ಕೊಡಿ. ಸ್ನೇಕ್ ಪ್ಲಾಂಟ್, ಲೋಳೆಸರಕ್ಕೆ ಒಂದು ವಾರ ಏನೂ ಬೇಡ, ಹರಿದ ಬೇರು ಒಣಗಲಿ. ಒಂದು ತಿಂಗಳು ಬೇರೆ ಗೊಬ್ಬರವೂ ಇಲ್ಲ, ನೇರ ಬಿಸಿಲೂ ಇಲ್ಲ. ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಬಿದ್ದರೆ ಬೀಳಲಿ. ಮೇಲಿನ ಹೊಸ ಎಲೆಯೇ ಕಪ್ಪಾಗಿ ಮೆತ್ತಗಾದರೆ ಆಗ ಮಾತ್ರ ಹೊರತೆಗೆದು ಬೇರು ನೋಡಿ.